ಹೇಯ್ಸ್‌ನಿಂದ ಬರ್ವಿಕ್ ಸ್ಟ್ರೀಟ್‌ವರೆಗೆ: ಪ್ಲೇಟುಗಳಿಗೆ ಮತ್ತೆ ಬಂದ ಕಾಲ

ನಮಸ್ಕಾರ. ಈ ಇಟ್ಟಿಗೆ ಕಟ್ಟಡಗಳು ಇರುವುದು ಹೇಯ್ಸ್‌ನಲ್ಲಿ. ಲಂಡನ್‌ನ ಪಶ್ಚಿಮದ ಅಂಚು, ಹೀತ್ರೂ ಏರ್‌ಪೋರ್ಟ್‌ಗೆ ಹತ್ತಿರ. ಪಕ್ಕದ ಸ್ಟೇಷನ್ ಸೌತಾಲ್. ಕರಿಬೇವು, ತೊಗರಿಬೇಳೆ ಬೇಕಾದರೆ ನಮ್ಮವರು ಇಳಿಯುವುದು ಅಲ್ಲಿ. ಹೇಯ್ಸ್‌ಗೆ ಕೆಲಸವಿಲ್ಲದೆ ಯಾರೂ ಬರುವುದಿಲ್ಲ. ನಾನು ಬಂದಿರುವುದು ಒಂದು ಹೆಸರು ನೋಡಿ.

ಬೋರ್ಡ್ ಓದಿ: 'ದಿ ಓಲ್ಡ್ ವಿನೈಲ್ ಫ್ಯಾಕ್ಟರಿ'. ವಿನೈಲ್ ಅಂದರೆ ಹಾಡಿನ ಪ್ಲೇಟು ಮಾಡುವ ಪ್ಲಾಸ್ಟಿಕ್, ಪ್ಲೇಟಿಗೂ ಅದೇ ಹೆಸರು. ಈಗ ಇಲ್ಲಿ ಫ್ಲಾಟುಗಳು, ಆಫೀಸುಗಳು ಇವೆ. ಒಂದು ಕಟ್ಟಡದ ಹೆಸರು ಗೇಟ್‌ಫೋಲ್ಡ್. ಪುಸ್ತಕದ ಹಾಗೆ ಬಿಚ್ಚುವ ಎಲ್‌ಪಿ ಕವರ್ ಇರುತ್ತದಲ್ಲ, ಅದೇ. ನಮ್ಮ ಬಿಲ್ಡರುಗಳು ಮರ ಕಡಿದು ಲೇಔಟಿಗೆ ಆ ಮರದ ಹೆಸರನ್ನೇ ಇಡುವುದು ನೆನಪಾಯಿತು. ಆದರೆ ಇಲ್ಲಿ ಹೆಸರಿಗೆ ತಕ್ಕ ಕಥೆಯೂ ಇದೆ. 1907ರಲ್ಲಿ ಗ್ರಾಮಫೋನ್ ಕಂಪನಿ ಇಲ್ಲಿ ಕಾರ್ಖಾನೆ ಶುರು ಮಾಡಿತು. ಅಡಿಗಲ್ಲು ಇಟ್ಟವರು ಆಗಿನ ದೊಡ್ಡ ಆಪೆರಾ ಗಾಯಕಿ ನೆಲ್ಲಿ ಮೆಲ್ಬಾ. ಆ ಕಂಪನಿಯೇ 1931ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಇಎಂಐ ಎನ್ನುವ ರೆಕಾರ್ಡ್ ಕಂಪನಿ ಆಯಿತು. ಬೀಟಲ್ಸ್ ಪ್ಲೇಟುಗಳು ಅಚ್ಚಾಗಿದ್ದೂ ಇಲ್ಲೇ.

ಗ್ರಾಮಫೋನ್ ಮುಂದೆ ಕಿವಿಗೊಟ್ಟು ಕೂತಿರುವ ನಾಯಿ ನಿಮಗೆಲ್ಲ ಗೊತ್ತು. ಹಳೇ ಕನ್ನಡ ಚಿತ್ರಗೀತೆಗಳ ಎಷ್ಟೋ ಪ್ಲೇಟುಗಳ ಲೇಬಲ್ ಮೇಲೆ ಅದೇ ಕೂತಿದೆ. ಅದು ಇದೇ ಕಂಪನಿಯ ನಾಯಿ. ಕಲ್ಕತ್ತಾದಲ್ಲಿ ಮೊದಲು ಸಿಯಾಲ್ದಾದಲ್ಲಿ, ಆಮೇಲೆ ದಮ್ ದಮ್‌ನಲ್ಲಿ ಕಾರ್ಖಾನೆ ಹಾಕಿದವರೂ ಇವರೇ.

ಇನ್ನೊಂದು ಸಂಬಂಧವೂ ಇದೆ. ನನಗೆ ಇದು ಜಾಸ್ತಿ ಇಷ್ಟ. ವಿನೈಲ್ ಬರುವ ಮುಂಚೆ, 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಕಾಲದಲ್ಲಿ, ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗು ಮತ್ತು ಕಲ್ಲಿನ ಪುಡಿ ಕಲಸಿ. ಹೌದು, ಪಾಂಡವರನ್ನು ಸುಡಲು ಮನೆ ಕಟ್ಟಿದ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವ ಅರಗು. ಜಗತ್ತಿನ ಅರಗಿನಲ್ಲಿ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾ ನಾಗ್ಪುರದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಅದು ಸಿಗುವುದು ಕಷ್ಟವಾಯಿತು. ಅಮೆರಿಕದ ಸೈನಿಕರಿಗೆ ಕಳಿಸುವ ಪ್ಲೇಟುಗಳನ್ನು ವಿನೈಲ್‌ನಲ್ಲಿ ಮಾಡಿದರು. ಅವು ಬಿದ್ದರೆ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ ಎನ್ನುವುದೂ ಒಂದು ಕಾರಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು, ತಂದಿತು. ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದ ಒಂದು ಮುಖ ಈಗ ಇಪ್ಪತ್ತು ನಿಮಿಷ ದಾಟಿತು. ಅರಗಿನ ಕಾಲ ಮುಗಿಯುತ್ತಾ ಬಂತು.

ಸರಿ, ರೈಲು ಹತ್ತೋಣ.

ಇದು ಲಂಡನ್ ನಡುವಿನ ಸೋಹೋದ ಬರ್ವಿಕ್ ಸ್ಟ್ರೀಟ್. ಇಕ್ಕಟ್ಟಾದ ಬೀದಿ. ಎರಡೂ ಕಡೆ ಅಂಗಡಿ, ಮಧ್ಯೆ ತಿಂಡಿ ಗಾಡಿಗಳು. ಒಯಾಸಿಸ್ ತಂಡದ 1995ರ ಆಲ್ಬಮ್ ಕವರ್ ಮೇಲಿರುವುದು ಇದೇ ಬೀದಿ. ಆಗ ರೆಕಾರ್ಡ್ ಅಂಗಡಿಗಳು ಇಲ್ಲಿ ಇನ್ನೂ ಜಾಸ್ತಿ ಇದ್ದವು. ಈಗ ಉಳಿದಿರುವುದು ಕೆಲವೇ, ಆದರೆ ಒಳಗೆ ಜನ ನೋಡಿ. ಅರ್ಧಕ್ಕರ್ಧ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು.

ಈಗ ಸ್ವಲ್ಪ ಲೆಕ್ಕ. ಬ್ರಿಟನ್ನಿನಲ್ಲಿ 2007ರಲ್ಲಿ ಇಡೀ ವರ್ಷಕ್ಕೆ ಮಾರಾಟವಾದ ಎಲ್‌ಪಿಗಳು ಸುಮಾರು 2 ಲಕ್ಷ. 2024ರಲ್ಲಿ 67 ಲಕ್ಷ. ಇಲ್ಲಿ ಬೆಲೆಯೇರಿಕೆ ಅಳೆಯಲು ಸರ್ಕಾರದ ಅಂಕಿಅಂಶದವರು ಒಂದು ಸಾಮಾನು ಪಟ್ಟಿ ಇಟ್ಟುಕೊಂಡಿರುತ್ತಾರೆ. ಜನ ದಿನನಿತ್ಯ ಏನು ಕೊಳ್ಳುತ್ತಾರೋ ಅದು ಪಟ್ಟಿಯಲ್ಲಿರುತ್ತದೆ. 1992ರಲ್ಲಿ ಅದರಿಂದ ಹೊರಬಿದ್ದಿದ್ದ ವಿನೈಲ್ 2024ರಲ್ಲಿ ವಾಪಸ್ ಬಂತು. ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿಗಳು ಸಿಡಿಗಳಿಗಿಂತ ಜಾಸ್ತಿ ಮಾರಾಟವಾದವು. 1987ರ ನಂತರ ಹಾಗಾಗಿದ್ದು ಅದೇ ಮೊದಲು. 2024ರ ಲೆಕ್ಕದಲ್ಲಿ ಅಲ್ಲಿ ಮಾರಿದ್ದು 4 ಕೋಟಿ 40 ಲಕ್ಷ, ಹಣದ ಲೆಕ್ಕದಲ್ಲಿ 140 ಕೋಟಿ ಡಾಲರ್.

ಬೆರಗಾಯಿತಾ? ಇನ್ನೊಂದು ಕಡೆಯಿಂದಲೂ ನೋಡಿ. 1970ರ ದಶಕದ ಕೊನೆಯಲ್ಲಿ ಅದೇ ಅಮೆರಿಕದಲ್ಲಿ ವರ್ಷಕ್ಕೆ 30 ಕೋಟಿಗೂ ಜಾಸ್ತಿ ಎಲ್‌ಪಿ ಹೋಗುತ್ತಿದ್ದವು. ಪಾತಾಳದಿಂದ ಅಳೆದರೆ ಎಂಥ ಗುಡ್ಡವೂ ಹಿಮಾಲಯವೇ. ಅಲ್ಲಿನ ಸಂಗೀತದ ಆದಾಯದಲ್ಲಿ ಹೆಚ್ಚುಕಡಿಮೆ 84 ಪರ್ಸೆಂಟ್ 2024ರಲ್ಲೂ ಸ್ಟ್ರೀಮಿಂಗ್‌ನದೇ ಆಗಿತ್ತು. 'ವಿನೈಲ್ ಗೆದ್ದಿತು' ಎನ್ನುವ ತಲೆಬರಹ ಕಂಡರೆ ಸ್ವಲ್ಪ ತಾಳ್ಮೆ ಇರಲಿ.

ಈ ಬೆಲೆ ಚೀಟಿ ನೋಡಿ. 32 ಪೌಂಡ್. ನಮ್ಮ ದುಡ್ಡಿನಲ್ಲಿ 3,000 ರೂಪಾಯಿ ಮೇಲಾಯಿತು. ಒಂದೇ ಒಂದು ಆಲ್ಬಮ್‌ಗೆ. ಇದರ ಅರ್ಧಕ್ಕಿಂತ ಕಡಿಮೆಗೆ ಒಂದು ತಿಂಗಳು ಜಗತ್ತಿನ ಹಾಡೆಲ್ಲ ಫೋನಿನಲ್ಲಿ ಸಿಗುತ್ತದೆ. ಆದರೂ ಕೊಳ್ಳುತ್ತಾರೆ. ಸೌಂಡ್ ಚೆನ್ನಾಗಿರುತ್ತದೆ ಎನ್ನುವ ಕಾರಣವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಲ್ಯುಮಿನೇಟ್ ಎನ್ನುವ ಸಂಸ್ಥೆಯ ಸಮೀಕ್ಷೆ ಪ್ರಕಾರ ಅಮೆರಿಕದಲ್ಲಿ ವಿನೈಲ್ ಕೊಂಡವರಲ್ಲಿ ಪ್ಲೇಯರ್ ಇದ್ದವರು ಅರ್ಧದಷ್ಟು ಜನ. ಉಳಿದರ್ಧ ಜನರ ಪ್ಲೇಟು ಶೆಲ್ಫಿನಲ್ಲೇ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಫೋನಿನಲ್ಲಿ ಕೇಳಿದ ಹಾಡು ನಮ್ಮದು ಅನ್ನಿಸುವುದಿಲ್ಲ, ಅಲ್ವಾ? ಇಷ್ಟದ ಗಾಯಕರಿಗೆ ನೇರವಾಗಿ ನಾಲ್ಕು ಕಾಸು ಕೊಟ್ಟ ಸಮಾಧಾನವೂ ಇದರಲ್ಲಿದೆ.

ನನಗೆ ಕಿರಿಕಿರಿ ಆಗುವುದು ಈ ಗೋಡೆ ನೋಡಿದಾಗ. ಒಂದೇ ಆಲ್ಬಮ್, ಹಸಿರು ಪ್ಲೇಟು. ಅದೇ ಆಲ್ಬಮ್, ಗುಲಾಬಿ. ಇನ್ನೊಂದು ಕವರ್, ಜೊತೆಗೆ ಒಂದು ಹಾಡು ಎಕ್ಸ್‌ಟ್ರಾ. 2024ರಲ್ಲಿ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಮ್ ಅಮೆರಿಕದಲ್ಲಿ ಒಂದೇ ವಾರಕ್ಕೆ 8.59 ಲಕ್ಷ ಎಲ್‌ಪಿ ಮಾರಿತು. ಅಭಿಮಾನಿಗಳು ಬೇರೆ ಬೇರೆ ಆವೃತ್ತಿಗಳನ್ನು ಸೇರಿಸಿಟ್ಟುಕೊಳ್ಳುವುದು ಇಂಥ ಅಂಕಿಗೆ ದೊಡ್ಡ ಬಲ. ಹೊಸ ಕೇಳುಗರು ಬಂದರೆ ಅದು ಬೆಳವಣಿಗೆ. ಇದ್ದವರಿಗೇ ನಾಲ್ಕು ಸಲ ಮಾರುವುದನ್ನು ಬೆಳವಣಿಗೆ ಎಂದು ಎಷ್ಟು ದಿನ ಕರೆಯಬಹುದು?

ಅಷ್ಟಕ್ಕೂ ಈ ವಿನೈಲ್ ಅನ್ನು ಸಾಯದಂತೆ ಉಳಿಸಿದ್ದು ದೊಡ್ಡ ಕಂಪನಿಗಳಲ್ಲ. ಡಿಜೆಗಳು, ಸಣ್ಣ ಲೇಬಲ್‌ಗಳು, ಇಂಥ ಬೀದಿಯ ಅಂಗಡಿಯವರು. 2008ರಲ್ಲಿ ಅಮೆರಿಕದ ಇಂಥ ಅಂಗಡಿಯವರೇ ಸೇರಿ ರೆಕಾರ್ಡ್ ಸ್ಟೋರ್ ಡೇ ಶುರು ಮಾಡಿದರು. ಪ್ರತಿ ಏಪ್ರಿಲ್ ಒಂದು ಶನಿವಾರ ಅಂಗಡಿಯಲ್ಲಿ ಮಾತ್ರ ಸಿಗುವ ಪ್ಲೇಟುಗಳು. ಅವತ್ತು ಈ ಬೀದಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಕ್ಯೂ ಇರುತ್ತದೆ. ದೊಡ್ಡವರು ಬಂದಿದ್ದು ಆಮೇಲೆ. ಬಂದ ಮೇಲೆ ಪ್ಲೇಟು ಒತ್ತುವ ಕಾರ್ಖಾನೆಗಳಲ್ಲಿ ಸಣ್ಣವರ ಸರದಿಯೇ ಹಿಂದೆ ಬಿತ್ತು. 2021ರ ಸುಮಾರಿಗೆ ಸಣ್ಣ ತಂಡಗಳು ತಮ್ಮ 500 ಪ್ಲೇಟಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಯಾಕೆ ಅಷ್ಟು ತಡ? ಪ್ಲೇಟು ಮಾಡುವುದು ಈಗಲೂ ಹಳೇ ಕಾಲದ ಕೆಲಸ. ಅಲ್ಯುಮಿನಿಯಂ ತಟ್ಟೆಗೆ ಲ್ಯಾಕರ್ ಎನ್ನುವ ಮೆರುಗೆಣ್ಣೆ ಬಳಿದು, ಅದರ ಮೇಲೆ ಸೂಜಿಯಿಂದ ಗೆರೆ ಕೊರೆಯುತ್ತಾರೆ. ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಕೂರಿಸಿ ಅಚ್ಚು ತೆಗೆಯುತ್ತಾರೆ. ಆಮೇಲೆ ಬಿಸಿ ಪಿವಿಸಿಯ (ಅದೇ ವಿನೈಲ್) ಒಂದು ಉಂಡೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ನಡುವಿನ ಕಾಗದದ ಲೇಬಲ್ ಅಂಟಿಸುವುದಲ್ಲ, ಅದೇ ಒತ್ತಿಗೆ ಕೂರುತ್ತದೆ. ಮುಂಚೆ ಅದನ್ನು ಒಲೆಯಲ್ಲಿಟ್ಟು ಒಣಗಿಸಿರಬೇಕು, ತೇವ ಇದ್ದರೆ ಗುಳ್ಳೆ ಏಳುತ್ತದೆ. ಆ ಲ್ಯಾಕರ್ ತಟ್ಟೆ ಮಾಡುವವರು ಜಗತ್ತಿಗೆಲ್ಲ ಇದ್ದದ್ದು ಇಬ್ಬರೇ: ಕ್ಯಾಲಿಫೋರ್ನಿಯಾದ ಅಪೊಲೊ, ಜಪಾನಿನ ಎಂಡಿಸಿ. 2020ರ ಫೆಬ್ರವರಿಯಲ್ಲಿ ಅಪೊಲೊ ಕಾರ್ಖಾನೆ ಸುಟ್ಟುಹೋಯಿತು. ಈ ಪಾಟಿ ವ್ಯಾಪಾರ ಎಂಥ ಎಳೆಯ ಮೇಲೆ ನಿಂತಿತ್ತು ನೋಡಿ.

ಆಕ್ಸ್‌ಫರ್ಡ್ ಸ್ಟ್ರೀಟ್‌ಗೆ ಬಂದೆವು. ನಂಬರ್ 363. 1921ರಲ್ಲಿ ಆ ನಾಯಿ ಚಿತ್ರದ ಎಚ್‌ಎಂವಿಯ ಮೊದಲ ಅಂಗಡಿ ತೆರೆದದ್ದು ಇಲ್ಲಿ, ಉದ್ಘಾಟಿಸಿದ್ದು ಸಂಗೀತಗಾರ ಎಡ್ವರ್ಡ್ ಎಲ್ಗರ್. 2019ರಲ್ಲಿ ಬಾಗಿಲು ಮುಚ್ಚಿತು. ಆ ಜಾಗಕ್ಕೆ ಬಂದದ್ದು ಒಂದು ಮಿಠಾಯಿ ಅಂಗಡಿ! 2023ರ ನವೆಂಬರಿನಲ್ಲಿ ಎಚ್‌ಎಂವಿ ಇದೇ ವಿಳಾಸಕ್ಕೆ ವಾಪಸಾಯಿತು. ಒಳಗೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬರ್ವಿಕ್ ಸ್ಟ್ರೀಟಿನ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಕೆದಕುವ ಮಜಾ ಇಲ್ಲಿಲ್ಲ. ಅಂದಹಾಗೆ, ಆ ಪೆಟ್ಟಿಗೆಗಳ ವ್ಯಾಪಾರ ಮೇಲೆ ಹೇಳಿದ ಯಾವ ಅಂಕಿಯಲ್ಲೂ ಸೇರಿಲ್ಲ.

ಕೊನೆಗೆ ಊರಲ್ಲಿರುವವರಿಗೆ ಒಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಕೆಳಗಿಳಿಸಿ. ಬೇಸಿಗೆಯ ಶಾಖಕ್ಕೆ ಅವು ಸೊಟ್ಟಗಾಗುತ್ತವೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಅರಗಿನ 78ರ ಪ್ಲೇಟಿಗೆ ಎಲ್‌ಪಿ ಸೂಜಿ ಹಾಕಬೇಡಿ, ಅದರ ಗೆರೆ ಅಗಲ, ಬೇರೆ ಸೂಜಿಯೇ ಬೇಕು. ಮಾರುವ ಮುಂಚೆ ಲೇಬಲ್‌ನ ಫೋಟೊ ಕಾಮೆಂಟಿನವರಿಗೆ ಅಲ್ಲ, ಗೊತ್ತಿರುವ ಇಬ್ಬರು ಅಂಗಡಿಯವರಿಗೆ ತೋರಿಸಿ, ಇಬ್ಬರ ರೇಟೂ ಕೇಳಿ. ಕಾಮೆಂಟಿನಲ್ಲಿ ನನಗೆ ಬೇಕಿರುವುದು ಇಷ್ಟೇ: ಯಾವ ಚಿತ್ರ, ಯಾವ ಹಾಡು, ಈಗಲೂ ಓಡುತ್ತದಾ?