ಕೇರಿಯವರ ಮನೆಯ ಪಕ್ಕದ ಕೋಣೆ

ಸಭಿಕರೇ,

ಬಂಗಾಳದಲ್ಲಿ ದುಡಿದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯವರ ಅನುವಾದಗಳು, ಮುದ್ರಣಾಲಯ, ಕಲ್ಕತ್ತೆಯ ಹತ್ತಿರದ ಶ್ರೀರಾಮಪುರದಲ್ಲಿ (ಸೆರಾಂಪುರ) 1818ರಲ್ಲಿ ಆರಂಭವಾದ ಕಾಲೇಜು ನಿಮಗೆ ಗೊತ್ತಿರುವವೇ. 1817ರಲ್ಲಿ ಅವರು ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಆ ಸಾಧನೆಗಳನ್ನು ಬದಿಗಿಟ್ಟು, ಇಂದು ಅವರ ಮನೆಯೊಳಗಿನಿಂದ ಮಾತು ತೊಡಗುತ್ತೇನೆ. ಕ್ರೈಸ್ತ ಸಭೆಯನ್ನು ನಡೆಸುವ ಸಭಾಪಾಲಕರ ಸೇವೆಯನ್ನು ಅವರ ಮನೆಯಿಂದ ಬಿಡಿಸಿ ತೂಗಬಾರದೆಂದು ನಾನು ಬಲವಾಗಿ ನಂಬಿದ್ದೇನೆ.

1781ರಲ್ಲಿ ಇಂಗ್ಲೆಂಡಿನ ಪಿಡಿಂಗ್ಟನ್ ಊರಿನ ಚರ್ಚಿನಲ್ಲಿ ಮದುವೆಯಾದಾಗ ಕೇರಿಯವರಿಗೆ ಹತ್ತೊಂಬತ್ತು ವರ್ಷ, ಬೂಟು ಹೊಲಿಯುವ ಕಸುಬು. ವಧು ಡೊರೊಥಿ ಪ್ಲ್ಯಾಕೆಟ್ ಅವರಿಗೆ ಇಪ್ಪತ್ತೈದು. ಅಕ್ಷರ ಬಾರದ ಅವರು ದಾಖಲೆ ಪುಸ್ತಕದಲ್ಲಿ ಸಹಿಯ ಬದಲು ಒಂದು ಗುರುತು ಹಾಕಿದರು. ಮುಂದೆ ಹತ್ತಾರು ಭಾಷೆಗಳಲ್ಲಿ ದುಡಿಯಲಿದ್ದ ಮನುಷ್ಯನ ಸಂಸಾರ ಹೀಗೆ ಆರಂಭವಾಯಿತು.

1783ರಲ್ಲಿ ಕೇರಿ ನೆನ್ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ತಿಳಿವಳಿಕೆ ಬಂದ ಮೇಲೆ, ಸ್ವಂತ ನಂಬಿಕೆಯಿಂದಲೇ ದೀಕ್ಷೆ ಪಡೆಯಬೇಕೆಂಬುದು ಬ್ಯಾಪ್ಟಿಸ್ಟರೆಂಬ ಕ್ರೈಸ್ತ ಪಂಗಡದವರ ನಿಲುವು. ಅವರಲ್ಲಿ ಪಾಲಕರನ್ನು ಆರಿಸುವುದೂ ಸಭೆಯೇ. ಮೋಲ್ಟನ್ ಸಭೆ ಕೇರಿಯವರನ್ನು ಕರೆಯಿತು, ಆದರೆ ಅದು ಕೊಡುತ್ತಿದ್ದ ಸಂಬಳದಲ್ಲಿ ಸಂಸಾರ ನಡೆಯುತ್ತಿರಲಿಲ್ಲ. ಬೋಧನೆಯ ಜೊತೆಗೆ ಶಾಲೆ ನಡೆಸಿದರು, ಬೂಟು ಹೊಲಿದರು. ಆಮೇಲೆ ಲೆಸ್ಟರಿನ ಹಾರ್ವೆ ಲೇನ್ ಸಭೆಗೆ ಹೋದಾಗ ಅದು ಒಳಜಗಳದಲ್ಲಿ ಮುಳುಗಿತ್ತು. ಅವರು ಹಳೆಯ ಸದಸ್ಯತ್ವವನ್ನೇ ರದ್ದುಮಾಡಿಸಿ, ಹೊಸ ಒಡಂಬಡಿಕೆಗೆ ಒಪ್ಪಿದವರನ್ನು ಮಾತ್ರ ಸೇರಿಸಿಕೊಂಡು ಸಭೆಯನ್ನು ಮತ್ತೆ ಕಟ್ಟಿದರು. ಹೀಗೆ ಮಾಡಲು ಎಂಟೆದೆ ಬೇಕು.

ಆದರೆ 1793ರ ಕೇರಿಯವರನ್ನು ಸಮರ್ಥಿಸಲು ನನಗೆ ಮನಸ್ಸಾಗುವುದಿಲ್ಲ. ಭಾರತಕ್ಕೆ ಹೊರಡುವ ತೀರ್ಮಾನವಾದಾಗ ಡೊರೊಥಿ ತುಂಬು ಗರ್ಭಿಣಿ. ಆಗಲೇ ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣು ಮಾಡಿದ್ದ ತಾಯಿ ಬರುವುದಿಲ್ಲ ಎಂದರು. ಕೇರಿ ಹಿರಿಯ ಮಗ ಫೆಲಿಕ್ಸನನ್ನು ಕರೆದುಕೊಂಡು ಹೊರಟೇಬಿಟ್ಟರು. ಪರವಾನಗಿಯ ತೊಡಕಿನಿಂದ ಆ ಹಡಗು ಕೈತಪ್ಪಿತು, ಅವರು ಮನೆಗೆ ಹಿಂತಿರುಗಿದರು. ಈ ಸಲ, ತಂಗಿ ಕ್ಯಾಥರಿನ್ ಜೊತೆಗೆ ಬರುವುದಾದರೆ ತಾನೂ ಬರುತ್ತೇನೆಂದು ಡೊರೊಥಿ ಒಪ್ಪಿದರು. ಹೆತ್ತು ಕೆಲವೇ ವಾರಗಳಾಗಿದ್ದ ಬಾಣಂತಿ ಐದು ತಿಂಗಳು ಸಮುದ್ರದ ಮೇಲೆ ಕಳೆದರು.

ಬಂಗಾಳದಲ್ಲಿ ಮೊದಲ ವರ್ಷ ಹಣವಿಲ್ಲ, ನೆಲೆಯಿಲ್ಲ, ಮನೆಯವರಿಗೆ ಆಮಶಂಕೆ. 1794ರಲ್ಲಿ ಐದು ವರ್ಷದ ಪೀಟರ್ ತೀರಿಕೊಂಡ. ಆಮೇಲೆ ಡೊರೊಥಿಯವರ ಮನಸ್ಸು ಮತ್ತೆ ನೆಟ್ಟಗಾಗಲಿಲ್ಲ. ಗಂಡನ ಮೇಲೆ ಭಯಂಕರ ಸಂಶಯ, ಕೂಗಾಟ. ಎಷ್ಟೋ ಸಲ ಅವರನ್ನು ಕೋಣೆಯಲ್ಲಿ ಕೂಡಿಹಾಕಬೇಕಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಕೇರಿ ಬೈಬಲನ್ನು ಬಂಗಾಳಿಗೆ ತರುತ್ತಿದ್ದರು. 1800ರ ಡಿಸೆಂಬರ್ 28ರಂದು ಮಿಷನ್ನಿನ ಮೊದಲ ಬಂಗಾಳಿ ದೀಕ್ಷಿತನಾಗಿ ಬಡಗಿ ಕೃಷ್ಣ ಪಾಲ್ ಗಂಗೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಶ್ರೀರಾಮಪುರದ ಮಿಷನ್ನಿಗೆ ದೊಡ್ಡ ಹಬ್ಬ. ಫೆಲಿಕ್ಸ್ ಕೂಡ ಅಂದೇ ದೀಕ್ಷೆ ಪಡೆದ. ಅವನ ತಾಯಿ ಮಾತ್ರ ಅಂದೂ ಮುಚ್ಚಿದ ಬಾಗಿಲ ಹಿಂದೆಯೇ ಇದ್ದರು. ಈ ದೃಶ್ಯವನ್ನು ಬಿಟ್ಟು ಆ ದಿನದ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಮಕ್ಕಳನ್ನು ಯಾರು ಬೆಳೆಸಿದರು? ಹೆಚ್ಚಿನ ಪಾಲು, ಜೊತೆಯ ಮಿಷನರಿ ಜೋಶುವಾ ಮಾರ್ಷ್‌ಮನ್ ಅವರ ಹೆಂಡತಿ ಹನ್ನಾ ಮಾರ್ಷ್‌ಮನ್. ಅಂಕೆಯಿಲ್ಲದೆ ಬೆಳೆದಿದ್ದ ನಾಲ್ವರು ಹುಡುಗರನ್ನು ಆ ಮಹಾತಾಯಿ ತಿದ್ದಿದರು. ಮಿಷನ್ನಿನ ಮುದ್ರಣಕಾರ ವಿಲಿಯಂ ವಾರ್ಡ್ ಆ ಹುಡುಗರಿಗೆ ಅಣ್ಣನಂತಾದರು. ಶ್ರೀರಾಮಪುರದಲ್ಲಿ ಎಲ್ಲ ಕುಟುಂಬಗಳಿಗೂ ಒಂದೇ ಪಂಕ್ತಿ, ಒಂದೇ ಹಣದ ಪೆಟ್ಟಿಗೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಲಿಸಿ ಕೇರಿ ಗಳಿಸಿದ ಸಂಬಳವೂ ಅದಕ್ಕೇ ಸೇರುತ್ತಿತ್ತು. ಶನಿವಾರ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಹುಟ್ಟಿದ ಮನಸ್ತಾಪಗಳನ್ನು ಬಾಯಿಬಿಟ್ಟು ಹೇಳಿ ಬಗೆಹರಿಸಿಕೊಳ್ಳುತ್ತಿದ್ದರು. ಅವರ ಸೇವಾಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಶನಿವಾರದ ಸಂಜೆಗಳೇ. 1805ರ ತಮ್ಮ ಒಪ್ಪಂದದಲ್ಲಿ ಅವರು, ಈ ನೆಲದ ಸಭೆಗಳನ್ನು ಈ ನೆಲದವರೇ ನಡೆಸಬೇಕೆಂದು ಬರೆದುಕೊಂಡರು.

ಕೇರಿ ಹೆಂಡತಿಯನ್ನು ಕೊನೆಯವರೆಗೂ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಅದನ್ನೂ ಹೇಳಲೇಬೇಕು. 1807ರ ಡಿಸೆಂಬರಿನಲ್ಲಿ ಡೊರೊಥಿ ತೀರಿಕೊಂಡರು. ಮರುವರ್ಷ ಕೇರಿ ಶಾರ್ಲೆಟ್ ರೂಮೋರ್ ಅವರನ್ನು ಮದುವೆಯಾದರು. ದೇಹ ದುರ್ಬಲವಾಗಿದ್ದರೂ ಹಲವು ಭಾಷೆ ಬಲ್ಲ ಈಕೆ ಹದಿಮೂರು ವರ್ಷ ಅವರ ಓದು ಬರಹದ ಒಡನಾಡಿಯಾಗಿದ್ದರು. ಆಕೆ ತೀರಿದ ಮೇಲೆ ಮೂರನೆಯ ಹೆಂಡತಿ ಗ್ರೇಸ್ ಹ್ಯೂಸ್ ಮುಪ್ಪಿನ ಆಸರೆಯಾದರು.

1834ರ ಜೂನ್ 9ರಂದು ಕೇರಿ ಶ್ರೀರಾಮಪುರದಲ್ಲಿ ಕಣ್ಣು ಮುಚ್ಚಿದರು. ತಮ್ಮನ್ನು ಶಾರ್ಲೆಟ್ ಅವರ ಪಕ್ಕದಲ್ಲಿ ಮಣ್ಣು ಮಾಡಬೇಕೆಂದು ಉಯಿಲಿನಲ್ಲಿ ಬರೆದಿದ್ದರು.