ಕೆಲಸ ಹೇಳಿ, ಜನ ಬರ್ತಾರೆ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ, ಅದನ್ನೆಲ್ಲ ಬದಿಗಿಟ್ಟೆ. ಒಬ್ಬರು ಬರೀತಾರೆ, "ಯುದ್ಧ ಬಂದ್ರೆ ನಮ್ಮ ಜನ ಮೊದಲು ಎಟಿಎಂಗೆ ಓಡ್ತಾರೆ, ಆಮೇಲೆ ಏರ್‌ಪೋರ್ಟಿಗೆ. ದೇಶ ಕಾಯೋದು ಸೈನಿಕರ ಕೆಲಸ" ಅಂತ. ಅದಕ್ಕೆ ಲೈಕ್ ಬೇರೆ!

ಗುಜರಾತಿನ ಭುಜ್ ಗೊತ್ತಾ ಸ್ವಾಮಿ? 1971ರ ಡಿಸೆಂಬರ್. ಪಾಕಿಸ್ತಾನದ ವಿಮಾನಗಳು ಬಾಂಬ್ ಹಾಕಿ ನಮ್ಮ ವಾಯುಪಡೆಯ ರನ್‌ವೇ ಹಾಳು ಮಾಡಿದ್ವು. ರಿಪೇರಿಗೆ ಆಳು ಸಾಲದು. ಪಕ್ಕದ ಮಾಧಾಪರ ಊರಿಂದ ಬಂದೋರು ಸುಮಾರು 300 ಹೆಂಗಸರು. ಹಾಲು ಕುಡಿಯೋ ಮಗುವನ್ನ ಪಕ್ಕದ ಮನೇಲಿ ಬಿಟ್ಟು ಬಂದ ತಾಯಿ ಇದ್ದರು ಅದರಲ್ಲಿ. ಆಕಾಶದಿಂದ ಕಾಣಬಾರದು ಅಂತ ಹಸಿರು ಸೀರೆ ಉಟ್ಟರು, ರನ್‌ವೇ ಮೇಲೆ ಸಗಣಿ ಬಳಿದರು. ಸೈರನ್ ಕೂಗಿದ್ರೆ ಪೊದೆಯೊಳಗೆ, ನಿಂತ್ರೆ ಮತ್ತೆ ಕೆಲಸಕ್ಕೆ. 72 ಗಂಟೇಲಿ ರನ್‌ವೇ ತಯಾರು! ಇವರು ಬಂದೂಕು ಮುಟ್ಟಿದೋರಲ್ಲ. ಕೆಲಸ ಹೇಳಿದ್ರು, ಬಂದ್ರು. ನನ್ನ ಮಾತು ಇಷ್ಟೇ: ಕೆಲಸ ಹೇಳಿ, ಜನ ಬರ್ತಾರೆ.

ಮಾಧಾಪರದ ಮೇಲೆ ಒಂದು ಪೂರ್ತಿ ಎಪಿಸೋಡ್ ಮಾಡ್ತೀನಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

"ಅದು ಹಳೇ ಕಾಲ" ಅಂತೀರಾ? 1999ರಲ್ಲಿ ಕಾರ್ಗಿಲ್ ಬೆಟ್ಟದಲ್ಲಿ ನುಸುಳುಕೋರರನ್ನ ಮೊದಲು ಕಂಡು ಸೇನೆಗೆ ತಿಳಿಸಿದ್ದು ಕಳೆದುಹೋದ ಯಾಕ್ ಹುಡುಕ್ತಿದ್ದ ಒಬ್ಬ ದನಗಾಹಿ. ನಂಗ್ಯಾಕೆ ಅಂತ ಅವನು ಮನೆಗೆ ಹೋಗಲಿಲ್ಲ.

ಅದೂ ಹಳೇದಾ? 2022ರ ಫೆಬ್ರವರಿ, ಉಕ್ರೇನಿನ ರಾಜಧಾನಿ ಕೀವ್. ರಷ್ಯಾ ದಾಳಿ ಮಾಡಿತ್ತು. ಮೇಷ್ಟ್ರು, ಅಂಗಡಿಯವರು, ಕಂಪ್ಯೂಟರ್ ಕೆಲಸದವರು ರೈಫಲ್‌ಗೆ ಕ್ಯೂ ನಿಂತರು. ಹೆಂಗಸರು ಪೆಟ್ರೋಲ್ ಬಾಂಬ್ ಮಾಡೋಕೆ ಬಾಟಲಿ ತುಂಬಿದರು. ಆ ಯುದ್ಧದ ಬಿಸಿ ನಮಗೂ ತಟ್ಟಿದೆ. ದಿನಸಿ ತರೋಕೆ ಹೊರಗೆ ಬಂದ ಹಾವೇರಿ ಜಿಲ್ಲೆಯ ಹುಡುಗ, ಮೆಡಿಕಲ್ ಓದ್ತಿದ್ದವನು, ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಅವತ್ತು ನಾನು ಊಟ ಮಾಡಲಿಲ್ಲ.

"ಉಕ್ರೇನ್ ಬಿಟ್ಟು ಓಡಿದೋರೂ ಇದ್ರಲ್ಲ?" ಇದ್ರು. ತಾಯಂದಿರು ಮಕ್ಕಳನ್ನ ಕರ್ಕೊಂಡು ಹೋದ್ರು, ಹೋಗಲೇಬೇಕು. "2021ರಲ್ಲಿ ತಾಲಿಬಾನ್ ಬಂದಾಗ ಕಾಬೂಲ್‌ನಲ್ಲಿ ಸೈನಿಕರೇ ಕೈಬಿಟ್ಟರಲ್ಲ?" ಸಂಬಳ ಕೊಡದೆ, ಊಟ ಕಳಿಸದೆ, ಮೇಲಿನೋರೇ ವಿಮಾನ ಹತ್ತಿದ ಮೇಲೆ ಕೆಳಗಿನೋರನ್ನ ಬೈಯೋದಾ? ಆ ವಾದ ನನ್ನ ಹತ್ರ ತರಬೇಡಿ.

ಕಳೆದ ವರ್ಷ, 2025ರ ಮೇ 7, ಬೆಂಗಳೂರಲ್ಲಿ ಯುದ್ಧ ಬಂದ್ರೆ ಏನು ಮಾಡಬೇಕು ಅನ್ನೋ ಮಾಕ್ ಡ್ರಿಲ್ ಆಯ್ತಲ್ಲ, ಅವತ್ತು ಸಂಜೆ ನಮ್ಮ ಬೀದಿ ಅಜ್ಜಿ ಕೇಳಿದ್ರು, "ಬೆಂಕಿ ಬಿದ್ರೆ ನೀರು ಎಲ್ಲಿಂದ ತರೋದು, ಯಾರನ್ನ ಕರೆಯೋದು, ಹೇಳಪ್ಪ". ನನಗೆ ಉತ್ತರ ಗೊತ್ತಿರಲಿಲ್ಲ. ಬೀದೀಲಿ ಯಾರಿಗೂ ಗೊತ್ತಿರಲಿಲ್ಲ. ನಾಗರಿಕ ರಕ್ಷಣಾ ಕಾಯ್ದೆ 1968ರಿಂದ ಇದೆ! ನಿಮ್ಮ ಏರಿಯಾ ವಾರ್ಡನ್, ಅಂದ್ರೆ ಇಂಥ ಹೊತ್ತಲ್ಲಿ ಜನರಿಗೆ ದಾರಿ ಹೇಳೋರು, ಯಾರು, ಹೇಳಿ ನೋಡೋಣ?

ಅಜ್ಜಿ ಓಡೋ ದಾರಿ ಕೇಳಲಿಲ್ಲ ರೀ. ನೀರೆಲ್ಲಿ ಅಂತ ಕೇಳಿದ್ರು. ಜನ ರೆಡಿ ಇದಾರೆ! ಹೇಳೋರಿಲ್ಲ ಅಷ್ಟೇ! ಬರ್ತಾರೆ ರೀ, ಖಂಡಿತ ಬರ್ತಾರೆ!

ಕಾಮೆಂಟ್ ಹಾಕಿದ ಅಣ್ಣ, ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಮ್ಮನ್ನ ಕೇಳಿ, "ಯುದ್ಧ ಬಂದ್ರೆ ಏನ್ಮಾಡ್ತೀಯ" ಅಂತ. ಅವರು ಹೇಳಿದ್ದನ್ನ ಹಾಗೇ ಕೆಳಗೆ ಬರೀರಿ. ನಾನು ಓದ್ತೀನಿ.