ಕಬ್ಬನ್ ಪಾರ್ಕಿನಲ್ಲಿ ಒಂದು ಪೆಂಗ್ವಿನ್

ಈ ವಿಡಿಯೊದಲ್ಲಿ ಮರದ ಕೆಳಗೆ ಕಾಣುತ್ತಿರುವ ಆ ಕಪ್ಪು ಬಿಳುಪು ಮೂಟೆ ನಾನೇ, ಅಂಟಾರ್ಕ್ಟಿಕದ ಕಡಲನ್ನು ಕಾಪಾಡಿ ಎಂದು ಕೂಗಲು ಪೆಂಗ್ವಿನ್ ವೇಷದಲ್ಲಿ. ಏಪ್ರಿಲ್ 25, ವಿಶ್ವ ಪೆಂಗ್ವಿನ್ ದಿನ. ಬಿಸಿಲು ನೆತ್ತಿ ಸುಡುತ್ತಿದೆ. ವೇಷ ಹೇಗೆ ಹಾಕಿಕೊಂಡೆ ಎಂದು ವಿವರಿಸುವುದಿಲ್ಲ, ನೀವೇ ನೋಡಿ.

ಬಾಡಿಗೆಯ ಕಥೆ ಮಾತ್ರ ಹೇಳಲೇಬೇಕು. ದಿನಕ್ಕೆ 900 ರೂಪಾಯಿ, ಡಿಪಾಸಿಟ್ 2,000. ಬೇಸಿಗೆ ರಜೆ, ಶಾಲೆಗಳಲ್ಲಿ ವಾರ್ಷಿಕೋತ್ಸವವೂ ಇಲ್ಲ, ಈಗ ಇದನ್ನು ಯಾರು ಕೇಳುತ್ತಾರೆ ಎಂದು ಚೌಕಾಸಿಗೆ ಇಳಿದೆ. 'ಅದಕ್ಕೇ ಮೇಡಂ, ವರ್ಷಕ್ಕೊಮ್ಮೆ ಹೋಗುವ ಮಾಲು, ಅದರಲ್ಲೂ ಕಡಿಮೆ ಮಾಡಿದರೆ ನಮಗೇನು ಗಿಟ್ಟುತ್ತದೆ?' ಎಂದರು ಅಂಗಡಿಯವರು. ಮರುಮಾತು ಹೊಳೆಯಲಿಲ್ಲ. ತೊಟ್ಟ ಹತ್ತೇ ನಿಮಿಷಕ್ಕೆ ಬೆನ್ನಿನ ಜಿಪ್ ಕಿತ್ತುಬಂತು. ಸಂಜೆ ಡಿಪಾಸಿಟ್‌ನಲ್ಲಿ 500 ಹಿಡಿದುಕೊಂಡರು. ಆ ಜಿಪ್ ಮೊದಲೇ ಸೇಫ್ಟಿ ಪಿನ್ನಿನ ಕೃಪೆಯಲ್ಲಿ ನಿಂತಿತ್ತು, ವಿಡಿಯೊ ಇದೆ. ಇಲ್ಲಿ, ನೋಡಿ. ಇನ್ನೊಮ್ಮೆ ನೋಡಿ.

ಸರಿ, ವಿಷಯಕ್ಕೆ ಬರುತ್ತೇನೆ. ಅಂಟಾರ್ಕ್ಟಿಕದಲ್ಲಿ ಗಣಿಗಾರಿಕೆಯನ್ನು 1991ರ ಮ್ಯಾಡ್ರಿಡ್ ಒಪ್ಪಂದ ನಿಷೇಧಿಸಿದೆ. ನೆಲಕ್ಕೆ ಕಾವಲಿದೆ, ಕಡಲಿಗೆ ಅಷ್ಟಿಲ್ಲ. ಅಲ್ಲಿನ ಹಲವು ಪೆಂಗ್ವಿನ್, ಸೀಲ್, ತಿಮಿಂಗಿಲಗಳ ಊಟ ಕ್ರಿಲ್, ಸಿಗಡಿಯಂಥ ಪುಟ್ಟ ಜೀವಿ. ಅದನ್ನೇ ದೊಡ್ಡ ಹಡಗುಗಳು ಬಾಚಿಕೊಂಡು ಸಾಕುಮೀನಿಗೆ ಮೇವನ್ನೂ ಮನುಷ್ಯರಿಗೆ ಎಣ್ಣೆಯ ಕ್ಯಾಪ್ಸೂಲನ್ನೂ ಮಾಡುತ್ತವೆ. ಅಮ್ಮನ ಮಂಡಿನೋವಿಗೆಂದು ಒಂದು ಡಬ್ಬಿಯನ್ನು ನಾನೇ ತರಿಸಿದ್ದೆ! ಮುಖವಾಡದ ಒಂದೇ ಅನುಕೂಲವೆಂದರೆ ನಾಚಿಕೆ ಹೊರಗೆ ಕಾಣುವುದಿಲ್ಲ.

2016ರಲ್ಲಿ ಅಂಟಾರ್ಕ್ಟಿಕದ ಕಡಲನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗದ ದೇಶಗಳು ಅಲ್ಲಿನ ರಾಸ್ ಸಮುದ್ರದ 15.5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತ ವಲಯವೆಂದು ಒಪ್ಪಿದವು. ಎಂಟು ಕರ್ನಾಟಕಗಳಷ್ಟು ಕಡಲು. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳು ಮಾತ್ರ ವರ್ಷಗಳಿಂದ ಕೊಳೆಯುತ್ತಿವೆ. 2021ರಲ್ಲೇ ಭಾರತ ಅವುಗಳ ಪರ ನಿಂತಿತು, ರಷ್ಯಾ ಮತ್ತು ಚೀನಾ ಅಡ್ಡಗಾಲು ಹಾಕಿವೆ. ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಮೂರನೇ ಮಹಡಿಯವರು ಮುನಿಸಿಕೊಂಡರೂ ನೀರಿನ ಟ್ಯಾಂಕ್ ತೊಳೆಯುತ್ತಾರೆ. ಆ ಆಯೋಗದಲ್ಲಿ ಹಾಗಲ್ಲ, ಎಲ್ಲ ಸದಸ್ಯರೂ ಹೂಂ ಎನ್ನಬೇಕು. ಶುದ್ಧ ತಲೆಕೆಟ್ಟ ನಿಯಮ. ಆದರೂ ರಾಸ್ ಸಮುದ್ರ ಉಳಿದದ್ದು ಇದೇ ನಿಯಮದಲ್ಲಿ, ಬೈಗುಳ ಅರ್ಧ ವಾಪಸ್.

ಪಾರ್ಕಿನಲ್ಲಿ ನನ್ನೆದುರು ನಿಂತ ಈ ಹಿರಿಯರು ಕೇಳಿದ್ದು ವಿಡಿಯೊದಲ್ಲಿ ಗಾಳಿಯ ಸದ್ದಿಗೆ ಹಾರಿಹೋಗಿದೆ, ನಾನೇ ಹೇಳುತ್ತೇನೆ: 'ಪೆಂಗ್ವಿನ್ ಇರಲಿ ತಾಯಿ, ಬೆಳ್ಳಂದೂರು ಕೆರೆಯ ನೊರೆಗೆ ಏನು ಮಾಡಿದೆ?' ಸಿಟ್ಟು ಬಂತು. ಆಮೇಲೆ ಸರಿಯಾಗಿಯೇ ಕೇಳಿದರು ಎನ್ನಿಸಿತು. ಮನೆಗೆ ಬರುವಷ್ಟರಲ್ಲಿ ಮತ್ತೆ ಸಿಟ್ಟು. ಎರಡಕ್ಕೂ ಕೂಗಿದರೆ ಗಂಟಲು ಸವೆಯುತ್ತದೆಯೇ?

ಅಯ್ಯೋ, ಕಾವಲುಗಾರರು ಬಂದರು, ಶಾಟ್ ಮುಗಿಯಿತು. ಡಬ್ಬಿಯಲ್ಲಿ ಇನ್ನೂ 22 ಕ್ಯಾಪ್ಸೂಲ್ ಇವೆ. ಬಿಸಾಡಿದರೆ ಅಮ್ಮ ಬೈಯುತ್ತಾರೆ.